ಕಾನ್ಪುರದ ಗಣಕಶಿಕ್ಷಣವೂ ಒಂಬತ್ತು ವಿದ್ಯಾಸಂಸ್ಥೆಗಳ ಸಹಕಾರವೂ

ಭರತಖಂಡದಲ್ಲಿ ಗಣಕಯಂತ್ರವನ್ನು ಕುರಿತ ಶಿಕ್ಷಣವು ಕಾನ್ಪುರದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಆರಂಭವಾಯಿತೆಂದೂ, 1963ನೆಯ ಇಸವಿಯಲ್ಲಿ ಅಮೆರಿಕೆಯಿಂದ ಅಲ್ಲಿಗೆ ಬಂದ ಒಂದು ಯಂತ್ರವೇ ಆ ಆರಂಭಕ್ಕೆ ಮೂಲಕಾರಣವೆಂದೂ ಹೇಳುವುದು ವಾಡಿಕೆಯಾಗಿದೆ. ಈ ಹೇಳಿಕೆಯ ಪೂರ್ವಾರ್ಧವು ಬಹುಮಟ್ಟಿಗೆ ನಿಜವಾದುದು, ಉತ್ತರಾರ್ಧವು ವಿಚಾರಮಾಡತಕ್ಕುದು. ಏಕೆಂದರೆ ಗಣಕಯಂತ್ರಗಳು ಅದಕ್ಕೆ ಮುಂಚೆಯೇ ಈ ದೇಶದಲ್ಲಿ ಇದ್ದುವು. ಕಾನ್ಪುರಕ್ಕೆ ಬಂದಂಥ ಯಂತ್ರವೇ ಬೇರೆ ಕಡೆಗಳಿಗೂ ಬಂದಿತು. ಯಂತ್ರವಿದ್ದೆಡೆಯಲ್ಲೆಲ್ಲ ವಿದ್ಯೆಯು ಹಬ್ಬಲಿಲ್ಲ, ಕಾನ್ಪುರದಿಂದ ಹಬ್ಬಿತು. ಈ ಭೇದಕ್ಕೆ ಕಾರಣವೇನೆಂಬುದು ಪ್ರಕೃತ ಲೇಖನದ ವಿಷಯ. ಅಲ್ಲಿ ನಡೆದುದು ಯಂತ್ರದಾನವೆಂಬುದಕ್ಕಿಂತ ಅಧ್ಯಾಪಕರ ಸಮಾಗಮವೆಂಬುದೇ ಸರಿಯೆಂದೂ, ಆ ಸಮಾಗಮಕ್ಕೆ ಬೇಕಾದ ನೆಲವು ಕಾನ್ಪುರಕ್ಕಿಂತ ಮೊದಲು ಬೆಂಗಳೂರಿನಲ್ಲಿ ಸ್ವಲ್ಪಮಟ್ಟಿಗೆ ಹದವಾಗಿತ್ತೆಂದೂ ಮುಂದೆ ಕಂಡುಬರುವುದು. ವಿಷಯವು ತೀರ ಈಚಿನದು, ಇತಿಹಾಸಕಾರರ ಗಮನಕ್ಕೆ ತಕ್ಕುದಲ್ಲ ಎಂದು ಕೆಲವರು ಎಣಿಸಬಹುದು. ಆದರೆ ಮಯೂರಶರ್ಮನು ತನ್ನ ಗುರುವಿನೊಡನೆ ಕಾಂಚಿಯ ಘಟಿಕೆಗೆ ಹೋದನೆಂಬುದನ್ನು ತಾಳಗುಂದದ ಶಾಸನದಲ್ಲಿ ಓದುವಾಗ ವಿದ್ವಾಂಸರು ಕೇಳಿಕೊಳ್ಳುವ ಪ್ರಶ್ನೆಯೂ ಇದೇ: ವಿದ್ಯೆಯು ಒಂದೆಡೆಯಿಂದ ಮತ್ತೊಂದೆಡೆಗೆ ಯಾರ ಕೈಯಲ್ಲಿ, ಯಾವ ಏರ್ಪಾಡಿನಿಂದ ಹೋಗುತ್ತದೆ?

ಕಾನ್ಪುರಕ್ಕೆ ಹಿಂದಿನ ಸ್ಥಿತಿಯನ್ನು ಮೊದಲು ನೋಡಬೇಕು. ಈ ದೇಶಕ್ಕೆ ಮೊತ್ತಮೊದಲು ಬಂದ ಅಂಕಗಣಕವು ಕಲ್ಕತ್ತೆಯ ಇಂಡಿಯನ್ ಸ್ಟಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನವರು 1955ರಲ್ಲಿ ಇಂಗ್ಲೆಂಡಿನಿಂದ ತರಿಸಿದ ಎಚ್.ಇ.ಸಿ. 2ಎಂ ಎಂಬುದು. ಅದಾದ ಕೆಲವು ವರ್ಷಗಳಲ್ಲಿ ಸೋವಿಯತ್ ದೇಶದ ಉರಾಲ್ ಯಂತ್ರವೂ ಅಲ್ಲಿಗೇ ಬಂದಿತು. ಮುಂಬಯಿಯ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚಿನವರು ತಾವೇ ಒಂದು ಯಂತ್ರವನ್ನು ರಚಿಸಲು ತೊಡಗಿ, 1956ರಲ್ಲಿ ಅದರ ಚಿಕ್ಕ ಮಾದರಿಯನ್ನೂ, 1960ರ ಹೊತ್ತಿಗೆ ಪೂರ್ಣಪ್ರಮಾಣದ ಯಂತ್ರವನ್ನೂ ನಡೆಯಿಸಿದರು. ಇದೇ ಟಿಫ್ರ್ಯಾಕ್ ಎಂದು ಪ್ರಸಿದ್ಧವಾದುದು. ಈ ಎರಡೂ ಕಾರ್ಯಗಳು ಘನವಾದುವು. ಎರಡನೆಯದಂತೂ ಕೈಕಸುಬಿನ ದೃಷ್ಟಿಯಿಂದ ಕಾನ್ಪುರದಲ್ಲಿ ನಡೆದ ಯಾವುದಕ್ಕೂ ಕಡಮೆಯಾದುದಲ್ಲ. ಆದರೆ ಎರಡು ಕಡೆಯೂ ಯಂತ್ರವು ಸಂಶೋಧಕರ ಉಪಕರಣವಾಗಿತ್ತು. ಲೆಕ್ಕವುಳ್ಳವರು ಬಂದು ಲೆಕ್ಕವನ್ನು ಮಾಡಿಸಿಕೊಂಡು ಹೋಗುತ್ತಿದ್ದರು; ಅಲ್ಲಿಯೇ ಇದ್ದವರು ಕೆಲಸಮಾಡುತ್ತ ಮಾಡುತ್ತ ಕಲಿತರು. ಇಪ್ಪತ್ತು ವರ್ಷದ ವಿದ್ಯಾರ್ಥಿಯೊಬ್ಬನು ತನ್ನ ಪದವಿಯ ಪಾಠಗಳಲ್ಲಿ ಒಂದೆಂದು ಅದನ್ನು ಕಲಿಯುವ ಏರ್ಪಾಡು ಎಲ್ಲಿಯೂ ಇರಲಿಲ್ಲ.

ಬೆಂಗಳೂರಿನಲ್ಲಿ ನಡೆದುದು ಇವೆರಡಕ್ಕಿಂತಲೂ ಚಿಕ್ಕದು; ಆದರೂ ಈ ಕಥೆಗೆ ಹೆಚ್ಚು ಸಮೀಪವಾದುದು. 1954–55ರಲ್ಲಿ ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ವಿನ್ಸೆಂಟ್ ರೈಡೌಟ್ ಎಂಬ ಪ್ರಾಧ್ಯಾಪಕರು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ ಅತಿಥಿಗಳಾಗಿ ಬಂದರು. ಅವರ ಮೂಲಕ ಅಲ್ಲಿನ ವಿದ್ಯುದ್ವಿಭಾಗದಲ್ಲಿ ಒಂದು ಅನುರೂಪ ಗಣಕವು ಸಿದ್ಧವಾಯಿತು. ಫಿಲ್‌ಬ್ರಿಕ್ ಮತ್ತು ರೈಡೌಟ್ ಎಂಬ ಎರಡು ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿ ಅದಕ್ಕೆ ಪ್ರೇಡ ಎಂದು ಹೆಸರಿಟ್ಟರು. ಇಂಥ ಯಂತ್ರದಲ್ಲಿ ಅಂಕಿಗಳಿಗೆ ಎಡೆಯಿಲ್ಲ. ಒಂದು ತೂಕವು ಕಮಾನಿನ ತುದಿಯಲ್ಲಿ ತೂಗಾಡುತ್ತಿದೆಯೆನ್ನಿ. ಅದರ ಸ್ಥಾನ, ವೇಗ, ವೇಗವೃದ್ಧಿಗಳು ಒಂದಕ್ಕೊಂದು ಯಾವ ಸಂಬಂಧದಲ್ಲಿರುವುವೋ ಅದೇ ಸಂಬಂಧದಲ್ಲಿ ಇರುವಂತೆ ವಿದ್ಯುದ್ವರ್ಧಕಗಳನ್ನು ತಂತಿಗಳಿಂದ ಹೆಣೆದುಬಿಟ್ಟರೆ, ತೂಕದ ಬದಲು ವಿದ್ಯುದೊತ್ತಡವೇ ತೂಗಾಡತೊಡಗುವುದು. ಪರದೆಯ ಮೇಲೆ ಅದರ ರೇಖೆಯನ್ನು ಕಣ್ಣಾರೆ ನೋಡಬಹುದು. ತಂತಿಯನ್ನು ಬದಲಾಯಿಸಿದರೆ ಪ್ರಶ್ನೆ ಬದಲಾಗುವುದು. ಆಗ ಅಲ್ಲಿ ವಿದ್ಯಾರ್ಥಿಗಳಾಗಿದ್ದ ವಿ. ರಾಜಾರಾಮನ್ನರು ಈ ಯಂತ್ರದ ಮೇಲೆ ಕೆಲಸಮಾಡಿ, ಮುಂದೆ ಅಮೆರಿಕೆಗೆ ಹೋಗಿ, ಮ್ಯಾಸಚೂಸೆಟ್ಸಿನ ಎಂ.ಐ.ಟಿ.ಯಲ್ಲಿಯೂ ಅನಂತರ ರೈಡೌಟರ ವಿಸ್ಕಾನ್ಸಿನ್ನಿನಲ್ಲಿಯೂ ಓದಿ 1961ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. 1963ರಲ್ಲಿ ಕಾನ್ಪುರದ ಅಧ್ಯಾಪಕವರ್ಗವನ್ನು ಸೇರಿದವರೂ ಇವರೇ. ಒಬ್ಬ ಪ್ರಾಧ್ಯಾಪಕರ ಒಂದು ವರ್ಷದ ಭೇಟಿಯಿಂದ ಇಷ್ಟು ಫಲವಾದುದನ್ನು ಗಮನಿಸಬೇಕು. ಈ ಎರಡು ವಿದ್ಯಾಸಂಸ್ಥೆಗಳ ಸಹಕಾರವನ್ನು ಬೇರೆ ಗ್ರಂಥಗಳಲ್ಲಿ ಒಂದು ವಾಕ್ಯದಲ್ಲಿ ಮುಗಿಸುವುದು ಪದ್ಧತಿಯಾದರೂ ಅದು ನ್ಯಾಯವಲ್ಲ.

ಕಾನ್ಪುರದ ಸಂಸ್ಥೆಯ ಹುಟ್ಟು ಸರ್ಕಾರರ ಸಮಿತಿಯ ವರದಿಯಲ್ಲಿದೆ. ನಳಿನೀ ರಂಜನ ಸರ್ಕಾರರ ಅಧ್ಯಕ್ಷತೆಯಲ್ಲಿ ಕೂಡಿದ ಆ ಸಮಿತಿಯು, ದೇಶದ ನಾಲ್ಕು ದಿಕ್ಕುಗಳಲ್ಲಿ ಎಂ.ಐ.ಟಿ.ಯ ಮಾದರಿಯ ನಾಲ್ಕು ವಿದ್ಯಾಲಯಗಳು ಆಗಬೇಕೆಂದು 1946ರಲ್ಲಿ ಸೂಚಿಸಿತು. ಖರಗಪುರವು 1951ರಲ್ಲಿ ಆಯಿತು. ಆ ಮೇಲಿನವುಗಳಿಗೆ ಒಂದೊಂದು ಪರದೇಶವು ಬೆಂಬಲವಾಗಿ ನಿಂತಿತು: ಮುಂಬಯಿಗೆ ಸೋವಿಯತ್ ದೇಶ, ಮದರಾಸಿಗೆ ಪಶ್ಚಿಮ ಜರ್ಮನಿ, ಕಾನ್ಪುರಕ್ಕೆ ಅಮೆರಿಕ, ತರುವಾಯ ದೆಹಲಿಗೆ ಬ್ರಿಟನ್. ಕಾನ್ಪುರದ ಪ್ರಥಮ ನಿರ್ದೇಶಕರಾದ ಪಿ. ಕೆ. ಕೇಳ್ಕರರು ಧಾರವಾಡದಲ್ಲಿ ಜನಿಸಿದವರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ವಿದ್ಯುದ್ವಿದ್ಯೆಯನ್ನು ಕಲಿತು, ಲಿವರ್‌ಪೂಲಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಮರಳಿ ಬೆಂಗಳೂರಿನಲ್ಲಿಯೇ ಕೆಲವು ಕಾಲ ಪಾಠ ಹೇಳಿದ್ದವರು. ಮುಂಬಯಿಯ ಹೊಸ ವಿದ್ಯಾಲಯದ ಏರ್ಪಾಡಿನಲ್ಲಿ ಕೈಗೂಡಿಸಿದ ಅನುಭವವೂ ಅವರಿಗಿತ್ತು. 1960ರಲ್ಲಿ ಕಾನ್ಪುರದ ಪಾಠಗಳು ಹಾರ್ಕೋರ್ಟ್ ಬಟ್ಲರ್ ಟೆಕ್ನಲಾಜಿಕಲ್ ಇನ್‌ಸ್ಟಿಟ್ಯೂಟಿನ ಎರವಲು ಕಟ್ಟಡದಲ್ಲಿ ನೂರು ವಿದ್ಯಾರ್ಥಿಗಳೊಡನೆ ಆರಂಭವಾದುವು. ಊರ ಹೊರಗೆ ಕಲ್ಯಾಣಪುರದ ಬಯಲಿನಲ್ಲಿ ಸ್ವಂತ ಕಟ್ಟಡಗಳು ಏಳುವುದಕ್ಕೆ ಇನ್ನೂ ಮೂರು ವರ್ಷ ಬೇಕಾಯಿತು.

ಅಮೆರಿಕೆಯ ಸರಕಾರವು ಈ ಕಾರ್ಯಕ್ಕೆ ಎಂ.ಐ.ಟಿ.ಯನ್ನು ಕೇಳಿಕೊಂಡಿತು. ಆ ವಿದ್ಯಾಲಯವು ಭಾರವನ್ನು ಒಂಟಿಯಾಗಿ ಹೊರಲು ಮುಂದಾಗದೆ, ತನ್ನವರನ್ನು ಕಾನ್ಪುರಕ್ಕೆ ಕಳುಹಿಸಿ ಸ್ಥಿತಿಗತಿಗಳನ್ನು ನೋಡಿಸಿಕೊಂಡು, ಬಳಿಕ ಬೇರೆ ಎಂಟು ವಿದ್ಯಾಸಂಸ್ಥೆಗಳೊಡನೆ ಕೂಡಿ ಒಪ್ಪಿಕೊಂಡಿತು. ಎಂ.ಐ.ಟಿ., ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ, ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಪ್ರಿನ್ಸ್‌ಟನ್, ಕಾರ್ನೆಗಿ, ಕೇಸ್, ಮಿಷಿಗನ್, ಒಹಾಯೊ ಸ್ಟೇಟ್, ಪರ್ಡ್ಯೂ ಎಂಬಿವೇ ಆ ಒಂಬತ್ತು. ಕಾನ್ಪುರ ಇಂಡೋ-ಅಮೆರಿಕನ್ ಪ್ರೋಗ್ರಾಮ್ ಎಂಬ ಹೆಸರಿನಿಂದ 1962ರಿಂದ 1972ರವರೆಗೆ ಹತ್ತು ವರ್ಷ ಈ ಸಹಕಾರವು ನಡೆಯಿತು, ಎಂ.ಐ.ಟಿ.ಯ ಯಂತ್ರಶಾಸ್ತ್ರದ ಪ್ರಾಧ್ಯಾಪಕರಾದ ನಾರ್ಮನ್ ಡಾಲ್ ಅವರು ಕಾನ್ಪುರದಲ್ಲಿ ಅದರ ಮೊದಲನೆಯ ನಾಯಕರಾದರು.

ಒಂಬತ್ತು ಸಂಸ್ಥೆಗಳು ಕೂಡಿದುದು ಹಿಂಜರಿಕೆಯಿಂದ ಆದ ಏರ್ಪಾಡು. ಆದರೆ ಅದರಿಂದ ಆದ ಒಳ್ಳೆಯದು ಯಾರೂ ಮುಂದಾಗಿ ಎಣಿಸಿದ್ದಲ್ಲವೆಂದು ತೋರುತ್ತದೆ. ಒಂದೇ ಗುರುಕುಲದಿಂದ ಬಂದವರು ತಮ್ಮ ಗುರುಕುಲದ ಪಾಠಕ್ರಮವನ್ನೇ ಹೊಸ ಊರಿನಲ್ಲಿ ನಾಟಿಮಾಡುವುದು ಸಹಜ. ಒಂಬತ್ತು ಕಡೆಯವರು ಬಂದಾಗ ಇಂತಹ ನಾಟಿಗೆ ಎಡೆಯಿಲ್ಲ: ಪ್ರಿನ್ಸ್‌ಟನ್ನಿನವರು ಮಾಡುವಂತೆ ಬರ್ಕ್ಲಿಯವರು ಮಾಡರು, ಕಾರ್ನೆಗಿಯವರದು ಮತ್ತೊಂದು ಬಗೆ. ಇವರೆಲ್ಲರ ನಡುವೆ ಯಾವುದು ಕಾನ್ಪುರಕ್ಕೆ ಹೊಂದುವುದೆಂಬ ತೀರ್ಮಾನವು ಕಾನ್ಪುರದವರದೇ ಆಗಬೇಕಾಯಿತು. ಕೇಳ್ಕರರು ಅದನ್ನು ತಮ್ಮ ಅಧ್ಯಾಪಕರ ಕೈಗೆ ಬಿಟ್ಟರು. ಆ ಅಧ್ಯಾಪಕರಲ್ಲಿ ಅನೇಕರು ಪರದೇಶದಲ್ಲಿ ಓದಿ ಆಗತಾನೆ ಮರಳಿದ ಯುವಕರು. ಇದರ ಜೊತೆಗೆ ಮತ್ತೊಂದು ಅನುಕೂಲವೂ ಸೇರಿತು. 1961ನೆಯ ಇಸವಿಯ ಕಾಯಿದೆಯಿಂದ ಈ ವಿದ್ಯಾಲಯಗಳಿಗೆ ತಮ್ಮ ಪದವಿಯನ್ನು ತಾವೇ ಕೊಡುವ ಅಧಿಕಾರವು ಬಂದಿತ್ತು. ಪಾಠ ಹೇಳಿದವನೇ ಪ್ರಶ್ನೆಪತ್ರಿಕೆಯನ್ನು ಬರೆಯುವನು, ಉತ್ತರವನ್ನು ತಿದ್ದುವನು. ಹೊಸ ವಿಷಯವನ್ನು ಕಲಿಸಬೇಕೆಂದು ಮನಸ್ಸಾದರೆ ಮುಂದಿನ ಅವಧಿಯಲ್ಲಿಯೇ ತೊಡಗಬಹುದು. ಅದೇ ಕಾಲದಲ್ಲಿ ಹತ್ತಾರು ಕಾಲೇಜುಗಳನ್ನು ಒಳಗೊಂಡ ಒಂದು ವಿಶ್ವವಿದ್ಯಾನಿಲಯದಲ್ಲಿ ಪಠ್ಯಕ್ರಮದ ಒಂದು ಸಾಲನ್ನು ಬದಲಾಯಿಸಲು ಎಷ್ಟು ಮಂಡಲಿಗಳು ಎಷ್ಟು ಸಲ ಕೂಡಬೇಕಾಗಿತ್ತೆಂಬುದನ್ನು ಬಲ್ಲವರಿಗೆ, ಇದು ಯಂತ್ರಕ್ಕಿಂತ ದೊಡ್ಡ ಸೌಕರ್ಯವೆಂಬುದನ್ನು ಹೇಳಬೇಕಾದುದಿಲ್ಲ.

1963ರ ಆಗಸ್ಟ್ ತಿಂಗಳಲ್ಲಿ ಐ.ಬಿ.ಎಂ. 1620 ಎಂಬ ಗಣಕವು ಕಾನ್ಪುರಕ್ಕೆ ಬಂದಿತು. ಅದರೊಡನೆ ಬರ್ಕ್ಲಿಯ ಹ್ಯಾರಿ ಹಸ್ಕಿ, ಪ್ರಿನ್ಸ್‌ಟನ್ನಿನ ಫೋರ್‌ಮನ್ ಆಕ್ಟನ್ ಮತ್ತು ಇರ್ವಿಂಗ್ ರಬಿನೋವಿಟ್ಸ್ ಎಂಬ ಮೂವರು ಪ್ರಾಧ್ಯಾಪಕರು ಬಂದರು. ಇವರಲ್ಲಿ ಹಸ್ಕಿಯವರು ಗಣಕವಿದ್ಯೆಯ ಪೀಳಿಗೆಯಲ್ಲಿ ಮೊದಲನೆಯ ತಲೆಮಾರಿಗೆ ಸೇರಿದವರು: ಫಿಲಡೆಲ್ಫಿಯದಲ್ಲಿ ಎನಿಯಾಕ್ ಯಂತ್ರದ ಮೇಲೆ ಕೆಲಸಮಾಡಿದವರು, 1947ರಲ್ಲಿ ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಅಲನ್ ಟ್ಯೂರಿಂಗರ ಜೊತೆಗಿದ್ದವರು, ಬಳಿಕ ಲಾಸ್ ಏಂಜಲಿಸ್‌ನಲ್ಲಿ ಸ್ವ್ಯಾಕ್ ಎಂಬ ಯಂತ್ರವನ್ನು ರಚಿಸಿದವರು. ಅಂತಹವರು ಒಂದು ಚಿಕ್ಕ ಯಂತ್ರದ ಜೊತೆಯಲ್ಲಿ ಇನ್ನೂ ಕಟ್ಟಡಗಳು ಮುಗಿಯದ ಊರಿಗೆ ಬಂದು ಮೊದಲಕ್ಷರದಿಂದ ಪಾಠ ಹೇಳಿದರು. ಆಕ್ಟನ್ನರ ಶಾಸ್ತ್ರವು ಸಂಖ್ಯಾಗಣಿತ, ಎಂದರೆ ಸೂತ್ರದಿಂದ ಬಿಡಿಸಲಾಗದ ಲೆಕ್ಕವನ್ನು ಅಂಕಿಗಳಿಂದ ಬಿಡಿಸುವ ಕ್ರಮ.

ಈ 1620 ಎಂಬುದು ವಿಚಿತ್ರವಾದ ಯಂತ್ರ. ಇಂದಿನ ಯಂತ್ರಗಳಂತೆ ಇಮ್ಮಾನದಲ್ಲಿ ಎಣಿಸದೆ, ಮನುಷ್ಯರಂತೆ ದಶಮಾನದಲ್ಲಿ ಎಣಿಸುತ್ತಿತ್ತು. ಸಂಖ್ಯೆಯು ಇಷ್ಟೇ ಅಂಕಿಗಳದಾಗಿರಬೇಕೆಂಬ ಕಟ್ಟಳೆಯಿರಲಿಲ್ಲ. ಕೂಡುವುದಕ್ಕೆ ಬೇಕಾದ ಪ್ರತ್ಯೇಕ ಅಂಗವು ಅದರ ಮೊದಲ ಮಾದರಿಯಲ್ಲಿ ಇರಲಿಲ್ಲ. ಮಕ್ಕಳು ಮಗ್ಗಿಯನ್ನು ನೋಡಿಕೊಂಡು ಗುಣಿಸುವಂತೆ, ನೆನಪಿನಲ್ಲಿ ಬರೆದಿಟ್ಟ ಕೋಷ್ಟಕವನ್ನು ನೋಡಿ ಒಂದೊಂದೇ ಅಂಕಿಯನ್ನು ಕೂಡುತ್ತಿತ್ತು. ಆ ಕೋಷ್ಟಕವನ್ನು ಯಾರಾದರೂ ಅಜಾಗ್ರತೆಯಿಂದ ಅಳಿಸಿಬಿಟ್ಟರೆ ಎರಡೂ ಎರಡೂ ನಾಲ್ಕಾಗುವ ಭರವಸೆಯಿಲ್ಲ. ಇದಕ್ಕೆ ಕೂಡಲಾರದ, ಕೂಡಲು ಯತ್ನವನ್ನೂ ಮಾಡದ ಯಂತ್ರವೆಂದು ಅಮೆರಿಕೆಯಲ್ಲಿ ಪರಿಹಾಸ್ಯದ ಹೆಸರೊಂದು ಹುಟ್ಟಿಕೊಂಡಿತ್ತು. ಕಲಿಯುವವರಿಗೆ ಮಾತ್ರ ಇದರಿಂದ ಉಪಕಾರವೇ ಆಯಿತೆನ್ನಬೇಕು. ಯಂತ್ರದ ಹೊಟ್ಟೆಯಲ್ಲಿ ಏನು ನಡೆಯುವುದೆಂಬುದನ್ನು ಇದಕ್ಕಿಂತ ಬಯಲಾಗಿ ತೋರಿಸಿದ ಯಂತ್ರಗಳು ಕಡಮೆ. ವಿದ್ಯಾರ್ಥಿಯು ಫೋರ್‌ಟ್ರಾನ್ ಎಂಬ ಭಾಷೆಯಲ್ಲಿ ತನ್ನ ಪ್ರೋಗ್ರಾಮನ್ನು ಕಾಗದದ ಮೇಲೆ ಬರೆದು, ಒಂದೊಂದು ಸಾಲಿಗೂ ಒಂದೊಂದು ಕಾರ್ಡಿನಂತೆ 80 ಅಂಕಣಗಳ ಕಾರ್ಡುಗಳಲ್ಲಿ ರಂಧ್ರಗಳನ್ನು ಕೊರೆದು, ಆ ಕಟ್ಟನ್ನು ಯಂತ್ರಕ್ಕೆ ಒಪ್ಪಿಸುತ್ತಿದ್ದನು. ಯಂತ್ರವು ಅದನ್ನು ತನ್ನ ನುಡಿಗೆ ತಿರುಗಿಸಿಕೊಂಡ ಬಳಿಕವೇ ಲೆಕ್ಕವು ಮೊದಲಾಗುತ್ತಿತ್ತು. ಒಂದು ಕಾರ್ಡು ಹಿಂದುಮುಂದಾದರೆ ಅಂದಿನ ಶ್ರಮವೆಲ್ಲ ವ್ಯರ್ಥ.

ಅಧ್ಯಾಪಕರು ಮೊದಲು ತಾವು ಕಲಿತರು. ಅತಿಥಿಗಳು ಬಂದ ಕೆಲವೇ ವಾರಗಳಲ್ಲಿ ಕಾನ್ಪುರದ ಎಲ್ಲ ವಿಭಾಗಗಳ ಅಧ್ಯಾಪಕರಿಗೆ ಪಾಠಗಳು ನಡೆದುವು. ಇದರಿಂದ ಮುಂದೆ ಬಹಳ ಪ್ರಯೋಜನವಾಯಿತು. ಸೇತುವೆಯ ಲೆಕ್ಕವನ್ನು ಕಲಿಸುವವನೂ, ರಸಾಯನಶಾಸ್ತ್ರದವನೂ, ಲೋಹವಿದ್ಯೆಯವನೂ ತನ್ನ ಪಾಠದಲ್ಲಿಯೇ ಗಣಕವನ್ನು ಉಪಯೋಗಿಸುವಂತಾದುದರಿಂದ, ಗಣಕವು ವಿದ್ಯುದ್ವಿಭಾಗದವರ ಸೊತ್ತೆಂಬ ಭಾವನೆ ಬೆಳೆಯಲಿಲ್ಲ. ಪದವಿಯ ವಿದ್ಯಾರ್ಥಿಗಳೆಲ್ಲರಿಗೂ, ಯಾವ ವಿಭಾಗದವರಾದರೂ ಸರಿಯೆ, ಪ್ರೋಗ್ರಾಮ್ ರಚನೆಯ ಪಾಠವು ಕಡ್ಡಾಯವಾಯಿತು. ಈ ದೇಶದಲ್ಲಿ ಇದು ಮೊದಲನೆಯದು. ವಿದ್ಯುದ್ವಿಭಾಗದ ಒಂದು ಶಾಖೆಯಾಗಿ 1965ರಲ್ಲಿ ಗಣಕಶಾಸ್ತ್ರದ ಎಂ.ಟೆಕ್. ವ್ಯಾಸಂಗವು ಏರ್ಪಟ್ಟಿತು. ವಿದ್ಯುದ್ವಿಭಾಗಕ್ಕೂ ಗಣಕಕೇಂದ್ರಕ್ಕೂ ಮುಖ್ಯಸ್ಥರಾಗಿದ್ದವರು, ಚಿಕ್ಕಮಗಳೂರಿನ ಪಕ್ಕದ ಹಿರೇಮಗಳೂರನ್ನು ಹೆಸರಿನಲ್ಲಿಯೇ ಹೊತ್ತಿದ್ದ ಎಚ್. ಕೆ. ಕೇಶವನ್ ಅವರು, ಕೆನಡಾ ದೇಶದ ವಾಟರ್‌ಲೂ ವಿಶ್ವವಿದ್ಯಾನಿಲಯದಿಂದ ಬಂದು, ಮುಂದೆ ಅಲ್ಲಿಗೇ ಮರಳಿದವರು. ಅವರೊಡನೆ ರಾಜಾರಾಮನ್ನರೂ, ಕರ್ನಾಟಕದವರೇ ಆದ ಎಚ್. ಎನ್. ಮಹಾಬಲರೂ ಕೆಲಸಮಾಡಿದರು. ಹೀಗೆ ಧಾರವಾಡ, ಬೆಂಗಳೂರು, ಹಿರೇಮಗಳೂರುಗಳ ಸಂಬಂಧವು ಗಂಗಾತೀರದ ಒಂದು ಊರಿನಲ್ಲಿ ಕೂಡಿಬಂದುದು ಆಕಸ್ಮಿಕವೇ ಸರಿ. ಅದಕ್ಕೆ ಹೆಚ್ಚಿನ ಅರ್ಥವನ್ನು ಕಲ್ಪಿಸಬೇಕಾಗಿಲ್ಲ.

ಈ ಸಹಕಾರದ ಕೇಂದ್ರವಿಷಯವೆಂದು ಎಣಿಸತಕ್ಕುದು ಹೊರಗಿನವರಿಗಾಗಿ ನಡೆದ ಚಿಕ್ಕ ಶಿಬಿರಗಳು. ಕಾನ್ಪುರದ ಯಂತ್ರವು ಕಾನ್ಪುರದವರಿಗೆ ಮಾತ್ರ ಎಂದಿದ್ದರೆ ಅದು ಇನ್ನೊಂದು ಕಲ್ಕತ್ತೆಯೋ ಇನ್ನೊಂದು ಮುಂಬಯಿಯೋ ಆಗಿ ನಿಲ್ಲುತ್ತಿತ್ತು. ಹಾಗಾಗಲಿಲ್ಲ. ಬೇರೆ ವಿಶ್ವವಿದ್ಯಾನಿಲಯಗಳ ಅಧ್ಯಾಪಕರಿಗೂ, ರಾಷ್ಟ್ರೀಯ ಪ್ರಯೋಗಶಾಲೆಗಳ ವಿಜ್ಞಾನಿಗಳಿಗೂ, ಕೈಗಾರಿಕೆಗಳ ಎಂಜಿನಿಯರುಗಳಿಗೂ ಕೆಲವು ದಿನಗಳ ತೀವ್ರವಾದ ಪಾಠಗಳನ್ನು ಮೇಲಿಂದಮೇಲೆ ಏರ್ಪಡಿಸಿದರು. ಬಂದವರು ಬೆಳಗ್ಗೆ ಉಪನ್ಯಾಸವನ್ನು ಕೇಳಿ, ತಾವೇ ಪ್ರೋಗ್ರಾಮನ್ನು ಬರೆದು, ಯಂತ್ರದಲ್ಲಿ ನಡೆಯಿಸಿ, ತಪ್ಪಿದುದನ್ನು ತಿದ್ದಿ, ತಮ್ಮ ಊರಿನ ಲೆಕ್ಕವೊಂದನ್ನು ಬಿಡಿಸಿಕೊಂಡು ಹಿಂದಿರುಗಿದರು. ಅವರಲ್ಲಿ ಅನೇಕರ ಕಾಲೇಜುಗಳಲ್ಲಿ ಯಂತ್ರವಿರಲಿಲ್ಲ. ಇನ್ನು ಹಲವು ವರ್ಷ ಬರುವಂತೆಯೂ ಇರಲಿಲ್ಲ. ಯಂತ್ರವಿಲ್ಲದ ಊರಿಗೆ ಯಂತ್ರವಿದ್ಯೆಯನ್ನು ಕೊಂಡೊಯ್ಯುವವನಿಗೆ ಬೇಕಾದುದು ಪುಸ್ತಕ. ಅಮೆರಿಕೆಯಲ್ಲಿ ಅಚ್ಚಾದ ಪುಸ್ತಕದ ಬೆಲೆಯು ಅಂದಿನ ಅಧ್ಯಾಪಕನಿಗೂ ಭಾರ, ವಿದ್ಯಾರ್ಥಿಗೆ ಅಸಾಧ್ಯ. ರಾಜಾರಾಮನ್ನರು ಈ ಪಾಠಗಳಿಗಾಗಿ ಬರೆದ ಟಿಪ್ಪಣಿಗಳು ಕೈಯಿಂದ ಕೈಗೆ ಹೋಗಿ, ಕಡೆಗೆ 1969ರಲ್ಲಿ ಪ್ರಿನ್ಸಿಪಲ್ಸ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್ ಎಂಬ ಗ್ರಂಥವಾಗಿ, ವಿದ್ಯಾರ್ಥಿಗಳು ಕೊಳ್ಳಬಹುದಾದ ಬೆಲೆಗೆ, ಈ ದೇಶದಲ್ಲಿಯೇ ಪ್ರಕಟವಾದುವು. ಅದು ಗಣಕವನ್ನು ಎಂದೂ ಕಾಣದ ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪುಸ್ತಕ. ಇದರ ಬೆನ್ನಿಗೆ ಅವರ ಲೇಖನಿಯಿಂದ ಬಂದ ಗ್ರಂಥಗಳು ಹಲವು. ಎರಡು ಮೂರು ತಲೆಮಾರುಗಳ ವಿದ್ಯಾರ್ಥಿಗಳು ಇವನ್ನೋದಿಯೇ ಪರೀಕ್ಷೆಗಳನ್ನು ದಾಟಿದರು. ಒಂಬತ್ತು ವಿದ್ಯಾಸಂಸ್ಥೆಗಳ ಒಪ್ಪಂದದಲ್ಲಿ ಪಠ್ಯಗ್ರಂಥದ ಬೆಲೆಯ ವಿಷಯವು ಎಲ್ಲಿಯೂ ಮುಖ್ಯವೆಂದು ಕಂಡಿರಲಾರದು. ಆದರೂ ಆ ಒಪ್ಪಂದದಿಂದ ಯಂತ್ರಗಳಿಗಿಂತ ದೂರ ಸಂಚರಿಸಿದ ವಸ್ತು ಇದೇ.

1966ರಲ್ಲಿ ಕಾನ್ಪುರಕ್ಕೆ ಐ.ಬಿ.ಎಂ. 7044 ಎಂಬ ದೊಡ್ಡ ಯಂತ್ರವು, 1401 ಎಂಬ ಸಹಾಯಕ ಯಂತ್ರದೊಡನೆ ಬಂದಿತು. ಅಂದಿನ ಕಾಲಕ್ಕೆ ಇದು ವಿದ್ಯಾಲಯಗಳಲ್ಲಿ ದೊರೆಯುವಂಥದಲ್ಲ. ವಿದ್ಯಾರ್ಥಿಗಳ ಕಾರ್ಡುಕಟ್ಟುಗಳನ್ನು 1401 ಓದಿ ಟೇಪಿಗೆ ಬರೆಯುವುದು, 7044 ಆ ಟೇಪಿನಿಂದ ಒಂದಾದ ಮೇಲೊಂದನ್ನು ನಡೆಯಿಸುವುದು, ಫಲಿತಾಂಶವನ್ನು ಮತ್ತೆ 1401 ಅಚ್ಚು ಹಾಕುವುದು: ಹೀಗೆ ಕೆಲಸವು ಬಿಡುವಿಲ್ಲದೆ ಸಾಗುತ್ತಿತ್ತು. ಆ ಕಾಲದಲ್ಲಿ ಅಲ್ಲಿಗೆ ಬಂದ ವಿದ್ಯಾರ್ಥಿಗಳಲ್ಲಿ ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗಿನಿಂದ 1967ರಲ್ಲಿ ಪದವಿ ಪಡೆದ ಎನ್. ಆರ್. ನಾರಾಯಣಮೂರ್ತಿಯವರೂ ಒಬ್ಬರು. ಅವರು 1969ರಲ್ಲಿ ಎಂ.ಟೆಕ್. ಮುಗಿಸಿ, ಅಹಮದಾಬಾದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿಗೆ ಹೋಗಿ ಅಲ್ಲಿನ ಗಣಕದ ಕಾರ್ಯದಲ್ಲಿ ತೊಡಗಿದರು. 1981ರಲ್ಲಿ ಇನ್ಫೋಸಿಸ್ ಸಂಸ್ಥೆಯನ್ನು ಸ್ಥಾಪಿಸಿದವರಲ್ಲಿ ಅವರಿದ್ದುದು ಎಲ್ಲರೂ ಬಲ್ಲ ವಿಷಯ. ಮೈಸೂರಿನ ವಿದ್ಯಾರ್ಥಿಯು ಗಣಕವಿದ್ಯೆಗಾಗಿ ಕಾನ್ಪುರಕ್ಕೆ ಹೋಗಬೇಕಾಗಿತ್ತೆಂಬುದೇ ಅಂದಿನ ಸ್ಥಿತಿಯನ್ನು ತಿಳಿಸುತ್ತದೆ.

ಈ ಸಹಕಾರದ ಮೇಲೆ ಬಂದ ಆಕ್ಷೇಪಣೆಗಳು ಎರಡು. ಎರಡೂ ತಳ್ಳಿಹಾಕತಕ್ಕವಲ್ಲ. ಅಮೆರಿಕೆಯ ಮಾದರಿಯಲ್ಲಿ, ಅಮೆರಿಕೆಯ ಅಧ್ಯಾಪಕರಿಂದ, ಅಮೆರಿಕೆಯ ಯಂತ್ರದ ಮೇಲೆ ಕಲಿತವರು ಅಮೆರಿಕೆಗೇ ಹೊರಟುಹೋದರೆಂಬುದು ಮೊದಲನೆಯದು. ಕಾನ್ಪುರದ ಪದವೀಧರರಲ್ಲಿ ದೊಡ್ಡ ಪಾಲು ಹೀಗೆ ಹೋದುದು ನಿಜ. ಬಡದೇಶದ ಹಣದಿಂದ ಸಿದ್ಧವಾದ ವಿದ್ಯಾವಂತರನ್ನು ಶ್ರೀಮಂತದೇಶವು ಪಡೆಯಿತೆಂಬ ದೂರು ಪಾರ್ಲಿಮೆಂಟಿನಿಂದ ಹಿಡಿದು ಪತ್ರಿಕೆಗಳವರೆಗೆ ಬಹುಕಾಲ ಕೇಳಿಬಂದಿತು. ಆದರೆ ಶಿಬಿರಗಳಿಗೆ ಬಂದ ಅಧ್ಯಾಪಕರು ಹೋಗಲಿಲ್ಲ. ಅವರಿಗೆ ಹೋಗುವ ದಾರಿಯೂ ಇರಲಿಲ್ಲ; ಅವರು ತಮ್ಮ ಊರುಗಳಿಗೆ ಮರಳಿ ಪಾಠ ಹೇಳಿದರು. ಈ ಸಹಕಾರವನ್ನು ಅಳೆಯುವಾಗ ಪದವೀಧರರ ಲೆಕ್ಕವನ್ನು ಮಾತ್ರ ಹಿಡಿಯುವುದು ಅದರ ಅರ್ಧವನ್ನು ನೋಡಿದಂತೆ. ಸಹಕಾರವೆಂಬುದು ಹೊರಗಿನಿಂದಲೇ ಏಕೆ ಬರಬೇಕು, ಸ್ವದೇಶದ ವಿದ್ಯಾಸಂಸ್ಥೆಗಳೇ ಕೂಡಿ ಕಟ್ಟಿಕೊಳ್ಳಬಾರದಾಗಿತ್ತೇ ಎಂಬುದು ಎರಡನೆಯ ಆಕ್ಷೇಪಣೆ. ಇದಕ್ಕೆ ಉದಾಹರಣೆಯೂ ಉಂಟು. ಕಲ್ಕತ್ತೆಯ ಸ್ಟಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನವರೂ ಜಾದವಪುರ ವಿಶ್ವವಿದ್ಯಾನಿಲಯದವರೂ ಕೂಡಿ, ಟ್ರಾನ್ಸಿಸ್ಟರುಗಳಿಂದ ಐಸಿಜು-1 ಎಂಬ ಗಣಕವನ್ನು ತಾವೇ ರಚಿಸಿ 1966ರಲ್ಲಿ ನಡೆಯಿಸಿದರು. ಅದೇ ವರ್ಷ ಕಾನ್ಪುರಕ್ಕೆ 7044 ಬಂದುದನ್ನು ನೆನೆದರೆ ಈ ಎರಡು ಮಾರ್ಗಗಳ ಅಂತರವು ತಿಳಿಯುತ್ತದೆ. ಜಾದವಪುರದಲ್ಲಿ ಕೆಲಸಮಾಡಿದವರು ಯಂತ್ರವನ್ನು ಕಟ್ಟುವುದನ್ನು ಕಲಿತರು. ಕಾನ್ಪುರದಲ್ಲಿದ್ದವರು ಯಂತ್ರವನ್ನು ಉಪಯೋಗಿಸುವುದನ್ನೂ ಕಲಿಸುವುದನ್ನೂ ಕಲಿತರು. ಈ ದೇಶವು ಮುಂದೆ ಯಂತ್ರರಚನೆಯಲ್ಲಿ ಹಿಂದುಳಿದು ಪ್ರೋಗ್ರಾಮ್ ರಚನೆಯಲ್ಲಿ ಮುಂದಾದುದಕ್ಕೆ ಬೇರೆ ಕಾರಣಗಳು ಹಲವಿದ್ದರೂ, ಶಿಕ್ಷಣದ ಈ ಒಲವೂ ಅವುಗಳಲ್ಲಿ ಒಂದೆಂದು ಹೇಳದೆ ಇರಲಾಗದು. ಜಾದವಪುರದ ಮಾರ್ಗಕ್ಕೆ ಕಾನ್ಪುರದಷ್ಟೇ ಹಣವೂ ಕಾಲವೂ ದೊರೆತಿದ್ದರೆ ಇತಿಹಾಸವು ಬೇರೆಯಾಗುತ್ತಿತ್ತೋ ಏನೋ.

1971ರ ಡಿಸೆಂಬರಿನ ಯುದ್ಧದ ಕಾಲದಲ್ಲಿ ಅಮೆರಿಕೆಯು ಭಾರತಕ್ಕೆ ಕೊಡುತ್ತಿದ್ದ ನೆರವಿನ ಒಂದು ಭಾಗವನ್ನು ತಡೆಹಿಡಿಯಿತು. ಎರಡು ಸರಕಾರಗಳ ನಡುವಣ ಸ್ನೇಹವು ತಗ್ಗಿತು. ಕಾನ್ಪುರದ ಕಾರ್ಯಕ್ರಮವು 1972ರಲ್ಲಿ ಮುಗಿಯಿತು. ಇದರಿಂದ ಪಾಠಗಳೇನೂ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಪಾಠ ಹೇಳುತ್ತಿದ್ದವರು ಅಲ್ಲಿನವರೇ ಆಗಿದ್ದರು. ಅತಿಥಿಗಳು ಹೊರಟುಹೋದ ಮೇಲೂ ವಿದ್ಯೆಯು ಉಳಿಯುವುದೇ ಎಂಬ ಪರೀಕ್ಷೆಯಲ್ಲಿ ಈ ಸಹಕಾರವು ಸಂಶಯಕ್ಕೆಡೆಯಿಲ್ಲದಂತೆ ತೇರ್ಗಡೆಯಾಯಿತು. ಯಂತ್ರದ ಪರೀಕ್ಷೆಯಲ್ಲಿ ಹಾಗಾಗಲಿಲ್ಲ. 7044 ಹಳತಾಯಿತು, ಅದಕ್ಕೆ ಬದಲಾಗಿ ಬೇರೊಂದು ದೊಡ್ಡ ಯಂತ್ರವು ಬರುವುದಕ್ಕೆ ಬಹಳ ಕಾಲ ಹಿಡಿಯಿತು. ಆ ವರ್ಷಗಳಲ್ಲಿ ಪರದೇಶದ ವಿನಿಮಯದ ಅಭಾವವೂ ಆಮದಿನ ನಿರ್ಬಂಧಗಳೂ ಎಲ್ಲ ವಿದ್ಯಾಲಯಗಳನ್ನೂ ಕಾಡಿದುವು.

ಕಾನ್ಪುರದ ಅಧ್ಯಾಪಕರು ಬೇರೆ ಕಡೆಗಳಿಗೆ ಹೋದುದು ಆ ವಿದ್ಯಾಲಯಕ್ಕೆ ನಷ್ಟ, ದೇಶಕ್ಕೆ ಲಾಭ. 1973ರಲ್ಲಿ ಮದರಾಸಿನ ವಿದ್ಯಾಲಯಕ್ಕೆ ಪಶ್ಚಿಮ ಜರ್ಮನಿಯ ನೆರವಿನಿಂದ ಐ.ಬಿ.ಎಂ. 370 ಯಂತ್ರವು ಬಂದಾಗ, ಅಲ್ಲಿನ ಗಣಕಕೇಂದ್ರವನ್ನು ಕಟ್ಟಲು ಹೋದವರು ಮಹಾಬಲರು. ಜರ್ಮನಿಯವರ ಹಣದ ಯಂತ್ರದ ಮೇಲೆ, ಅಮೆರಿಕದವರ ಸಹಕಾರದಿಂದ ಬೆಳೆದ ಪಾಠಕ್ರಮವನ್ನು, ಕನ್ನಡನಾಡಿನ ಅಧ್ಯಾಪಕರೊಬ್ಬರು ಮದರಾಸಿನಲ್ಲಿ ನಡೆಯಿಸಿದರು. ದಾನಿಗಳ ಲೆಕ್ಕಪತ್ರದಲ್ಲಿ ಇಂಥ ಸಂಗತಿಗಳಿಗೆ ಅಂಕಣವಿರುವುದಿಲ್ಲ.

ರಾಜಾರಾಮನ್ನರ ಅಧ್ಯಕ್ಷತೆಯಲ್ಲಿ 1980ರ ದಶಕದ ಆದಿಯಲ್ಲಿ ಕೂಡಿದ ಒಂದು ಸಮಿತಿಯು ಎಂ.ಸಿ.ಎ. ಎಂಬ ಹೊಸ ಪದವಿಯನ್ನು ಸೂಚಿಸಿತು. ಎಂಜಿನಿಯರಿಂಗ್ ಕಾಲೇಜಿನ ಬಾಗಿಲನ್ನು ಕಾಣದ ಬಿ.ಎಸ್‌ಸಿ., ಬಿ.ಕಾಂ. ವಿದ್ಯಾರ್ಥಿಯೂ, ಗಣಿತದಲ್ಲಿ ತಕ್ಕಮಟ್ಟಿನ ತಿಳಿವಳಿಕೆಯಿದ್ದರೆ, ಮೂರು ವರ್ಷಗಳಲ್ಲಿ ಗಣಕವಿದ್ಯೆಯನ್ನು ಕಲಿಯಬಹುದೆಂಬುದು ಅದರ ಉದ್ದೇಶ. ಶಿಬಿರಗಳಿಗೆ ಬಂದಿದ್ದ ಅಧ್ಯಾಪಕರ ಸ್ಥಿತಿಯನ್ನು ಕಣ್ಣಾರೆ ಕಂಡವರಿಗೇ ಇಂಥ ಏರ್ಪಾಡು ಹೊಳೆಯುವುದೆಂದು ಊಹಿಸಬಹುದು. ಸಾಧಾರಣ ವಿಶ್ವವಿದ್ಯಾನಿಲಯಗಳಲ್ಲಿಯೂ ಈ ಪದವಿಯು ಬೇರೂರಿತು. ಬೆಂಗಳೂರು, ಮೈಸೂರುಗಳಲ್ಲಿ ಅದನ್ನು ಓದಿದವರ ಸಂಖ್ಯೆಯು ಅಲ್ಪವಲ್ಲ. 1982ರಲ್ಲಿ ರಾಜಾರಾಮನ್ನರು ಕಾನ್ಪುರವನ್ನು ಬಿಟ್ಟು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ ಬಂದರು. ತಾವು ವಿದ್ಯಾರ್ಥಿಯಾಗಿ ರೈಡೌಟರ ಅನುರೂಪ ಗಣಕದ ತಂತಿಗಳನ್ನು ಹೆಣೆದಿದ್ದ ಅದೇ ಸಂಸ್ಥೆಯಲ್ಲಿ 1994ರವರೆಗೆ ಪ್ರಾಧ್ಯಾಪಕರಾಗಿದ್ದು, ಅಲ್ಲಿನ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನ ಕೇಂದ್ರವನ್ನು ನಡೆಯಿಸಿದರು. ಕಾನ್ಪುರದ ಟಿಪ್ಪಣಿಗಳಿಂದ ಬೆಳೆದ ಗ್ರಂಥಗಳನ್ನು ಹೊಸ ಯಂತ್ರಗಳಿಗೆ ಹೊಂದುವಂತೆ ತಿದ್ದಿ ತಿದ್ದಿ ಮರಳಿ ಅಚ್ಚಿಗೆ ಕೊಟ್ಟರು.